ಟಾಂಗಾ ಉರುಳಿದ್ದು ಯಾರ ತಪ್ಪಿನಿಂದ?

1929ರ ಅಕ್ಟೋಬರ್ 23. ಧುಳೆಯಲ್ಲಿ ಕೆಲಸ ಮುಗಿಸಿ ಮುಂಬಯಿಗೆ ಹೊರಟಿದ್ದ ಡಾ. ಬಿ.ಆರ್. ಅಂಬೇಡ್ಕರ್ ಅವರು ಚಾಳೀಸ್‌ಗಾಂವ್ ರೈಲು ನಿಲ್ದಾಣದಲ್ಲಿ ಇಳಿದರು. ಅಸ್ಪೃಶ್ಯರ ಕುಂದುಕೊರತೆ ವಿಚಾರಿಸಲು ಮುಂಬಯಿ ಸರ್ಕಾರ ಒಂದು ಸಮಿತಿ ಮಾಡಿತ್ತು. ಅವರು ಅದರ ಸದಸ್ಯರಾಗಿ ಪ್ರವಾಸದಲ್ಲಿದ್ದರು. ಆ ಊರಿನ ಮಹಾರ್ ಕೇರಿಯವರು ನಿಲ್ದಾಣಕ್ಕೇ ಬಂದು, ಒಂದು ರಾತ್ರಿ ತಮ್ಮಲ್ಲಿ ಉಳಿಯಲೇಬೇಕು ಎಂದು ಒತ್ತಾಯ ಮಾಡಿದರು. ಒಪ್ಪಿಕೊಂಡರು. ಕೇರಿ ಇದ್ದದ್ದು ಎರಡು ಮೈಲಿ ಆಚೆ, ಹೊಳೆ ದಾಟಿ. ಆದರೆ ಒಂದು ಗಂಟೆ ಕಾದರೂ ಗಾಡಿ ಬರಲಿಲ್ಲ.

ಕೊನೆಗೆ ಟಾಂಗಾ ಬಂತು. ನಮ್ಮ ಕಡೆ ಹಳಬರು ಜಟಕಾ ಎನ್ನುತ್ತಾರಲ್ಲ, ಅಂಥದ್ದೇ ಕುದುರೆ ಗಾಡಿ. ಹತ್ತಿ ಕೂತು ಇನ್ನೂರು ಹೆಜ್ಜೆ ಹೋಗುವಷ್ಟರಲ್ಲಿ ಎದುರಿಗೆ ಬಂದ ಮೋಟಾರು ಕಾರಿಗೆ ಡಿಕ್ಕಿ ಹೊಡೆಯುವುದು ಸ್ವಲ್ಪದರಲ್ಲಿ ತಪ್ಪಿತು. ಮುಂದೆ ಹೊಳೆಗೆ ಅಡ್ಡಲಾಗಿ ಒಂದು ಕಿರುಸೇತುವೆ. ರಸ್ತೆಯಿಂದ ನೇರ ಕೋನದಲ್ಲಿ ತಿರುಗಿ ಅದರ ಮೇಲೆ ಹತ್ತಬೇಕು. ಎರಡೂ ಬದಿಗೆ ತಡೆಗೋಡೆಯಿಲ್ಲ, ಐದು ಹತ್ತು ಅಡಿಗೆ ಒಂದರಂತೆ ನೆಟ್ಟ ಕಲ್ಲುಗಳು ಅಷ್ಟೆ. ತಿರುವಿನಲ್ಲಿ ಗಾಲಿ ಬದಿಯ ಕಲ್ಲಿಗೆ ಜೋರಾಗಿ ಬಡಿದು ಗಾಡಿ ಎಗರಿತು. ಅಂಬೇಡ್ಕರ್ ಅವರು ಕಲ್ಲಿನ ಮೇಲೆ ಬಿದ್ದರು. ಕುದುರೆ, ಗಾಡಿ ಎರಡೂ ಹೊಳೆಗೆ ಉರುಳಿದವು. ಅವರ ಕಾಲು ಮುರಿಯಿತು.

ನಡೆದದ್ದು ಏನೆಂದು ಅವರಿಗೆ ಆಮೇಲೆ ತಿಳಿಯಿತು. ನಿಲ್ದಾಣದಲ್ಲಿದ್ದ ಟಾಂಗಾದವರು ಯಾರೂ ಅಸ್ಪೃಶ್ಯನನ್ನು ಕೂರಿಸಿಕೊಂಡು ಗಾಡಿ ಹೊಡೆಯಲು ಒಪ್ಪಿರಲಿಲ್ಲ. ಬಂದ ಅತಿಥಿಯನ್ನು ನಡೆಸಿಕೊಂಡು ಹೋಗುವುದು ಮರ್ಯಾದೆಯಲ್ಲ ಎಂದು ಕೇರಿಯವರಿಗೆ ಸಂಕಟ. ಕಡೆಗೆ ಒಪ್ಪಂದವಾಯಿತು: ಗಾಡಿಯವನು ಟಾಂಗಾ ಬಾಡಿಗೆಗೆ ಕೊಡುತ್ತಾನೆ, ತಾನು ಓಡಿಸುವುದಿಲ್ಲ. ಹಾಗಾಗಿ ಹಗ್ಗ ಹಿಡಿದದ್ದು ಎಂದೂ ಟಾಂಗಾ ಓಡಿಸಿರದ ಕೇರಿಯ ಒಬ್ಬ ಮನುಷ್ಯ.

ನಾನು ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದವನು. ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ನಮಗೆ ಕಟ್ಟಡ ಕಾಮಗಾರಿಯ ಸುರಕ್ಷತೆ ಬಗ್ಗೆ ಪಾಠವಿದೆ. ಅಪಘಾತಕ್ಕೆ ಎರಡು ಕಾರಣ ಎಂದು ಬರೆದುಕೊಂಡಿದ್ದೇವೆ: ಅಪಾಯದ ಜಾಗ, ಅಪಾಯದ ವರ್ತನೆ. ಆ ಲೆಕ್ಕಕ್ಕೆ ಚಾಳೀಸ್‌ಗಾಂವ್ ಘಟನೆ ಹಾಕಿದರೆ ಉತ್ತರ ಸುಲಭ. ತಿರುವು ಸರಿಯಿಲ್ಲ, ತಡೆಗೋಡೆ ಇಲ್ಲ, ಚಾಲಕನಿಗೆ ತರಬೇತಿ ಇಲ್ಲ. ಅಲ್ಲಿಗೆ ವರದಿ ಮುಗಿಯಿತು. ಆದರೆ ತರಬೇತಿ ಇದ್ದ ಚಾಲಕ ಅಲ್ಲೇ ನಿಲ್ದಾಣದಲ್ಲಿ ನಿಂತಿದ್ದ. ಅವನು ಯಾಕೆ ಓಡಿಸಲಿಲ್ಲ ಎಂಬ ಪ್ರಶ್ನೆಗೆ ನಮ್ಮ ವರದಿಯಲ್ಲಿ ಕಾಲಂ ಇಲ್ಲ.

ಅಂಬೇಡ್ಕರ್ ಎಂದರೆ ಸಂವಿಧಾನ ಎಂದಷ್ಟೇ ನಮ್ಮ ವಯಸ್ಸಿನವರು ಶಾಲೆಯಲ್ಲಿ ಕಲಿತದ್ದು. ಅವರ ಬದುಕನ್ನು ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ಓದಿದಾಗ ನನಗೆ ಇನ್ನೊಂದು ದಾರಿ ಕಂಡಿತು. ಕೆಲಸದ ಜಾಗದಲ್ಲಿ ಯಾರ ಜೀವಕ್ಕೆ ಅಪಾಯ, ಯಾಕೆ ಅಪಾಯ ಎಂಬುದನ್ನು ಮೈಮೇಲೆ ಅನುಭವಿಸಿ, ಓದಿ, ಕೊನೆಗೆ ಕಾನೂನು ಮಾಡುವ ಕುರ್ಚಿಯಲ್ಲಿ ಕೂತು ಸರಿಪಡಿಸಲು ಹೊರಟ ಮನುಷ್ಯ ಅವರು.

1891ರ ಏಪ್ರಿಲ್ 14ರಂದು ಮಧ್ಯ ಭಾರತದ ಮಹೂ ದಂಡು ಪ್ರದೇಶದಲ್ಲಿ ಅವರು ಹುಟ್ಟಿದರು. ತಂದೆ ರಾಮಜಿ ಸಕ್ಪಾಲ್ ಸೇನೆಯಲ್ಲಿ ಸುಬೇದಾರರು. ಸತಾರಾದ ಶಾಲೆಯಲ್ಲಿ ಬಾಲಕ ಭೀಮರಾವ್ ನಲ್ಲಿ ಮುಟ್ಟುವಂತಿರಲಿಲ್ಲ. ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು, ಅವನು ರಜೆ ಹಾಕಿದರೆ ಆ ದಿನ ಬಾಯಾರಿಕೆ. ನಲ್ಲಿ ಇತ್ತು, ನೀರೂ ಇತ್ತು. ಸೌಲಭ್ಯ ಇರುವುದಕ್ಕೂ ಅದು ಎಲ್ಲರ ಕೈಗೆ ಸಿಗುವುದಕ್ಕೂ ಎಷ್ಟು ದೂರ ಎಂದು ಆ ಹುಡುಗ ಅಲ್ಲೇ ಕಲಿತ.

1901ರಲ್ಲಿ ಇನ್ನೊಂದು ಪ್ರಸಂಗ. ತಂದೆ ಗೋರೆಗಾಂವ್‌ನಲ್ಲಿ ಕ್ಯಾಷಿಯರ್ ಆಗಿದ್ದರು. ಅವರನ್ನು ನೋಡಲು ಭೀಮರಾವ್, ಅವರ ಅಣ್ಣ, ಅಕ್ಕನ ಮಕ್ಕಳು ರೈಲಿನಲ್ಲಿ ಮಸೂರ್ ನಿಲ್ದಾಣಕ್ಕೆ ಹೋದರು. ಕಾಗದ ಸಮಯಕ್ಕೆ ಮುಟ್ಟದೆ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಮಕ್ಕಳ ಜಾತಿ ತಿಳಿದ ಮೇಲೆ ಎತ್ತಿನ ಗಾಡಿಯವರು ಹಿಂದೆ ಸರಿದರು. ಕೊನೆಗೆ ಒಬ್ಬ ಒಪ್ಪಿದ. ದುಪ್ಪಟ್ಟು ಬಾಡಿಗೆ, ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ಹತ್ತು ವರ್ಷ ಆಸುಪಾಸಿನ ಮಕ್ಕಳು ಗುರುತಿಲ್ಲದ ದಾರಿಯಲ್ಲಿ, ಕತ್ತಲಲ್ಲಿ, ಕುಡಿಯಲು ನೀರಿಲ್ಲದೆ ಗಾಡಿ ಹೊಡೆದರು. ಅದಾದ 28 ವರ್ಷಕ್ಕೆ ಚಾಳೀಸ್‌ಗಾಂವ್ ನಿಲ್ದಾಣದಲ್ಲಿ ಅದೇ ಒಪ್ಪಂದ ಮತ್ತೆ ಆಯಿತು. ಅಷ್ಟರಲ್ಲಿ ಆ ಹುಡುಗ ಕೊಲಂಬಿಯಾ ವಿಶ್ವವಿದ್ಯಾಲಯದ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಪದವಿ ಪಡೆದು ಬ್ಯಾರಿಸ್ಟರ್ ಆಗಿದ್ದ. ಗಾಡಿಯವರ ಷರತ್ತು ಮಾತ್ರ ಬದಲಾಗಿರಲಿಲ್ಲ.

ನಡುವೆ ಬರೋಡಾದ ಅಧ್ಯಾಯವಿದೆ. ಮಹಾರಾಜರ ವಿದ್ಯಾರ್ಥಿವೇತನದಲ್ಲಿ ವಿದೇಶದಲ್ಲಿ ಓದಿದ್ದರಿಂದ 1917ರಲ್ಲಿ ಆ ಸಂಸ್ಥಾನದ ಕೆಲಸಕ್ಕೆ ಸೇರಿದರು. ಕಚೇರಿಯಲ್ಲಿ ಜವಾನರು ಕಡತಗಳನ್ನು ಕೈಗೆ ಕೊಡದೆ ಮೇಜಿನ ಮೇಲೆ ಎಸೆಯುತ್ತಿದ್ದರು. ಊರಲ್ಲಿ ಬಾಡಿಗೆಗೆ ಮನೆ ಸಿಗಲಿಲ್ಲ. ತಂಗಿದ್ದ ವಸತಿಗೃಹಕ್ಕೆ ಒಂದು ಬೆಳಗ್ಗೆ ದೊಣ್ಣೆ ಹಿಡಿದವರು ಬಂದು ಖಾಲಿ ಮಾಡಿಸಿದರು. ಒಂದು ಉದ್ಯಾನದಲ್ಲಿ ಗಂಟೆಗಟ್ಟಲೆ ಕೂತು ರಾತ್ರಿ ರೈಲಿಗೆ ಮುಂಬಯಿಗೆ ಮರಳಿದರು. ಓದಿದ ಓದು, ಸಿಕ್ಕ ಹುದ್ದೆ ಯಾವುದೂ ಅವರನ್ನು ಆ ಕೆಲಸದ ಜಾಗದಲ್ಲಿ ಕಾಪಾಡಲಿಲ್ಲ.

ಮುಂಬಯಿಯಲ್ಲಿ ಅವರು ಬಹುಕಾಲ ಇದ್ದದ್ದು ಪರೇಲ್‌ನ ಕಾರ್ಮಿಕರ ಚಾಳಿನಲ್ಲಿ. ಸುತ್ತಲೂ ಬಟ್ಟೆ ಗಿರಣಿಗಳು, ಗಿರಣಿ ಕೆಲಸಗಾರರು. ಇಲ್ಲಿ ನನ್ನನ್ನು ತುಂಬ ಯೋಚನೆಗೆ ಹಚ್ಚಿದ ಸಂಗತಿಯೊಂದಿದೆ. ಮಗ್ಗದ ಲಾಳಿಯಲ್ಲಿ ಕಂಡಿಕೆಯ ನೂಲು ಮುಗಿದಾಗ ಹೊಸ ಕಂಡಿಕೆ ಇಟ್ಟು, ನೂಲಿನ ತುದಿಯನ್ನು ಲಾಳಿಯ ಸಣ್ಣ ತೂತಿನಿಂದ ಈಚೆಗೆ ತರಬೇಕು. ಆಗ ಅದನ್ನು ಬಾಯಿಂದ ಹೀರಿ ಎಳೆಯುತ್ತಿದ್ದರು. ಒಂದು ಲಾಳಿಗೆ ಹಲವರ ಬಾಯಿ. ಹತ್ತಿಯ ದೂಳು ಗಂಟಲಿಗೆ ಹೋಗುತ್ತದೆ, ಒಬ್ಬರ ಕಾಯಿಲೆ ಇನ್ನೊಬ್ಬರಿಗೆ ಅಂಟುತ್ತದೆ. ಇಂಗ್ಲೆಂಡಿನ ಲ್ಯಾಂಕಾಷೈರ್ ಗಿರಣಿಗಳಲ್ಲೂ ಇದೇ ರೂಢಿ ಇತ್ತು.

ಇದು ಆರೋಗ್ಯದ ಪ್ರಶ್ನೆ. ಆದರೆ ಮುಂಬಯಿಯಲ್ಲಿ ಇದರಿಂದ ಹುಟ್ಟಿದ್ದು ಜಾತಿಯ ನಿಯಮ. ಅಸ್ಪೃಶ್ಯನ ಎಂಜಲು ತಾಗಿದ ಲಾಳಿ ಮುಟ್ಟುವುದಿಲ್ಲ ಎಂದು ಉಳಿದವರು ಹಟ ಹಿಡಿದರು. ಅದಕ್ಕಾಗಿ ಹೆಚ್ಚು ಕೂಲಿ ಬರುವ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ಅವರಿಗೆ ಕಡಿಮೆ ಕೂಲಿಯ ಬೇರೆ ವಿಭಾಗಗಳೇ ಗತಿ. ಬಾಯಿ ತಾಗಿಸಬೇಕಿಲ್ಲದ ಲಾಳಿ ಪ್ರಪಂಚದಲ್ಲಿ ಆಗಲೇ ಬಂದಿತ್ತು. ಅದನ್ನು ತಂದಿದ್ದರೆ ಎಲ್ಲರ ಶ್ವಾಸಕೋಶಕ್ಕೂ ಒಳ್ಳೆಯದಾಗುತ್ತಿತ್ತು, ಕೆಲವರ ಬಾಗಿಲೂ ತೆರೆಯುತ್ತಿತ್ತು. ಯಂತ್ರ ಬದಲಿಸುವುದಕ್ಕಿಂತ ಮನುಷ್ಯರನ್ನು ಹೊರಗಿಡುವುದು ಗಿರಣಿಗೆ ಅಗ್ಗವಾಗಿತ್ತು. 1928ರ ದೊಡ್ಡ ಗಿರಣಿ ಮುಷ್ಕರದ ವೇಳೆ, ನೇಯ್ಗೆ ವಿಭಾಗದಲ್ಲಿ ಅಸ್ಪೃಶ್ಯರಿಗೂ ಕೆಲಸದ ಹಕ್ಕು ಸಿಗಬೇಕು, ಅದನ್ನೂ ಬೇಡಿಕೆಯಲ್ಲಿ ಸೇರಿಸಿ ಎಂದು ಅಂಬೇಡ್ಕರ್ ಅವರು ಕಾರ್ಮಿಕ ಮುಖಂಡರನ್ನು ಒತ್ತಾಯಿಸಿದರು. ಕೂಲಿಗಾಗಿ ಒಟ್ಟಾಗಿ ನಿಂತವರು ಲಾಳಿಯ ವಿಷಯ ಬಂದಾಗ ಬೇರೆಯಾಗುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು.

1936ರಲ್ಲಿ ಅವರು ಕಟ್ಟಿದ ಪಕ್ಷದ ಹೆಸರೇ ಸ್ವತಂತ್ರ ಕಾರ್ಮಿಕ ಪಕ್ಷ. 1938ರಲ್ಲಿ ಮುಷ್ಕರದ ಹಕ್ಕಿಗೆ ಕಡಿವಾಣ ಹಾಕುವ ಕೈಗಾರಿಕಾ ವಿವಾದಗಳ ಮಸೂದೆಯನ್ನು ಮುಂಬಯಿ ಶಾಸನಸಭೆಯಲ್ಲಿ ವಿರೋಧಿಸಿದರು, ನವೆಂಬರ್ 7ರ ಮುಷ್ಕರದಲ್ಲಿ ಬೀದಿಗೂ ಇಳಿದರು. ಬೇಡ ಎನ್ನುವ ಶಕ್ತಿ ಇಲ್ಲದ ಕೆಲಸಗಾರನಿಗೆ ಹೆಲ್ಮೆಟ್ ಕೊಟ್ಟರೆ ಸಾಲದು ಎಂಬುದನ್ನು ನಾನು ಅರ್ಥ ಮಾಡಿಕೊಂಡದ್ದು ಇಲ್ಲಿ. ಮಣ್ಣು ಕುಸಿಯುವ ಗುಂಡಿಗೆ ಇಳಿಯಲಾರೆ ಎಂದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎನ್ನುವ ಜಾಗದಲ್ಲಿ ಯಾವ ಸುರಕ್ಷತಾ ಫಲಕವೂ ಕೆಲಸ ಮಾಡುವುದಿಲ್ಲ.

1942ರ ಜುಲೈನಲ್ಲಿ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾದರು. ಇಂದಿನ ಲೆಕ್ಕದಲ್ಲಿ ಕೇಂದ್ರ ಕಾರ್ಮಿಕ ಸಚಿವರ ಸ್ಥಾನ. 1946ರವರೆಗೆ ಆ ಹೊಣೆ ಹೊತ್ತರು. ನೀರಾವರಿ, ವಿದ್ಯುತ್ ಕೂಡ ಅವರ ಇಲಾಖೆಗೇ ಸೇರಿದ್ದವು. ದಾಮೋದರ್ ಕಣಿವೆ ಯೋಜನೆ ರೂಪುಗೊಂಡದ್ದು ಆ ಅವಧಿಯಲ್ಲಿ. ಹೇಮಾವತಿ ನಾಲೆಯ ನೀರು ಎದುರು ನೋಡುವ ತಾಲ್ಲೂಕಿನ ಹುಡುಗನಾದ ನನಗೆ, ಅಣೆಕಟ್ಟುಗಳ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡ ಅಂಬೇಡ್ಕರ್ ಹೊಸಬರಾಗಿ ಕಂಡರು. ಆದರೆ ಈ ಲೇಖನಕ್ಕೆ ಬೇಕಾದದ್ದು ಕಲ್ಲಿದ್ದಲು ಗಣಿಯ ಕಥೆ.

ಅದು ಎರಡನೇ ಮಹಾಯುದ್ಧದ ಕಾಲ. ರೈಲಿಗೆ, ಕಾರ್ಖಾನೆಗೆ ಕಲ್ಲಿದ್ದಲು ಬೇಕು, ಗಣಿಯಲ್ಲಿ ಆಳುಗಳು ಸಾಲರು. 1943ರ ಡಿಸೆಂಬರ್‌ನಲ್ಲಿ ಅಂಬೇಡ್ಕರ್ ಅವರು ಧನ್‌ಬಾದ್ ಕಲ್ಲಿದ್ದಲು ಪ್ರದೇಶಕ್ಕೆ ಹೋದರು. ಕಚೇರಿಯಲ್ಲಿ ಕೂತು ವರದಿ ಓದಿ ಮರಳಲಿಲ್ಲ. ಗಣಿಯೊಳಗೆ ಇಳಿದು ಕೆಲಸ ನೋಡಿದರು, ಕಾರ್ಮಿಕರ ಮನೆಗಳನ್ನು ನೋಡಿದರು. ಮರುವರ್ಷ ಕಲ್ಲಿದ್ದಲು ಗಣಿ ಕಾರ್ಮಿಕರ ಕಲ್ಯಾಣ ನಿಧಿ ಸುಗ್ರೀವಾಜ್ಞೆಯ ಮೂಲಕ ಬಂತು. ವಸತಿ, ನೀರು, ಆಸ್ಪತ್ರೆ ಇವನ್ನು ಅದು ಗಣಿಯ ಲೆಕ್ಕದೊಳಗೆ ತಂದಿತು. ದಿನವಿಡೀ ಕಲ್ಲಿದ್ದಲು ಕಡಿದವನು ಹೊಲಸು ನೀರು ಕುಡಿದು, ಇಕ್ಕಟ್ಟಿನ ಕೋಣೆಯಲ್ಲಿ ನಿದ್ದೆಗೆಟ್ಟು ಮರುದಿನ ಮತ್ತೆ ಗಣಿಗೆ ಇಳಿದರೆ ಅಪಘಾತ ಆಗುವುದು ಬರೀ ಅವನ ಅಜಾಗರೂಕತೆಯಿಂದಲ್ಲ.

ಅದೇ ಗಣಿಯ ಕಥೆಯಲ್ಲಿ ಅವರ ಮೇಲೆ ಟೀಕೆ ತಂದ ಸಂಗತಿಯೂ ಇದೆ. ಹೆಂಗಸರು ನೆಲದಡಿ ಕೆಲಸ ಮಾಡಬಾರದೆಂಬ ನಿಷೇಧ 1930ರ ದಶಕದಲ್ಲೇ ಬಂದಿತ್ತು. 1943ರಲ್ಲಿ ಯುದ್ಧದ ಕಲ್ಲಿದ್ದಲಿಗಾಗಿ ಸರ್ಕಾರ ಅದನ್ನು ತಾತ್ಕಾಲಿಕವಾಗಿ ತೆಗೆಯಿತು. ಕೇಂದ್ರ ಶಾಸನಸಭೆಯಲ್ಲಿ ಇದಕ್ಕೆ ಬಲವಾದ ವಿರೋಧ ಬಂತು, ಉತ್ತರ ಕೊಡಬೇಕಾದವರು ಅಂಬೇಡ್ಕರ್ ಅವರೇ. ತುರ್ತು ಪರಿಸ್ಥಿತಿ, ಗಂಡಸಿನಷ್ಟೇ ಕೂಲಿ ಹೆಂಗಸಿಗೂ ಕೊಡುತ್ತೇವೆ ಎಂಬುದು ಅವರ ಸಮರ್ಥನೆಯಾಗಿತ್ತು. 1946ರ ಫೆಬ್ರವರಿಯಲ್ಲಿ ನಿಷೇಧ ಮತ್ತೆ ಜಾರಿಗೆ ಬಂತು. ಗಣಿ ಕೆಲಸದ ಹೆಂಗಸರ ಹೆರಿಗೆ ಭತ್ಯೆ ಕಾನೂನಿನ ತಿದ್ದುಪಡಿಗಳೂ ಅವರ ಅವಧಿಯಲ್ಲೇ ಆದವು. ಜಯಂತಿಯ ಭಾಷಣಗಳಲ್ಲಿ ಈ ಭಾಗ ಕೇಳುವುದಿಲ್ಲ. ನನಗೆ ಇದನ್ನು ಬಿಟ್ಟು ಬರೆಯಲು ಮನಸ್ಸಾಗಲಿಲ್ಲ. ಉತ್ಪಾದನೆಯ ಒತ್ತಡ ಬಂದಾಗ ಸುರಕ್ಷತೆಯ ನಿಯಮವೇ ಮೊದಲು ಸಡಿಲವಾಗುತ್ತದೆ, ಕಾರ್ಮಿಕರ ಪರ ನಿಂತವರು ಅಧಿಕಾರದಲ್ಲಿದ್ದಾಗಲೂ ಆ ಒತ್ತಡ ಎಷ್ಟು ದೊಡ್ಡದು ಎಂಬುದಕ್ಕೆ ಇದು ಸಾಕ್ಷಿ.

ಕೆಲಸದ ಗಂಟೆಗಳ ವಿಷಯಕ್ಕೆ ಬರೋಣ. ಆಗ ವರ್ಷಪೂರ್ತಿ ನಡೆಯುವ ಕಾರ್ಖಾನೆಗಳಲ್ಲಿ ವಾರಕ್ಕೆ 54 ಗಂಟೆ ದುಡಿಸಬಹುದಿತ್ತು. 1946ರ ಕಾರ್ಖಾನೆ ತಿದ್ದುಪಡಿ ಕಾಯ್ದೆ ಅದನ್ನು 48 ಗಂಟೆಗೆ ಇಳಿಸಿತು. ಆ ಮಸೂದೆ ಸಿದ್ಧಪಡಿಸಿ ಮಂಡಿಸಿದ್ದು ಅಂಬೇಡ್ಕರ್ ಅವರು. ಅದಕ್ಕೂ ಮೊದಲು, 1945ರಲ್ಲಿ, ಕಾರ್ಖಾನೆ ಕಾರ್ಮಿಕರಿಗೆ ವರ್ಷಕ್ಕೆ ಕೂಲಿ ಸಹಿತ ರಜೆಯ ಕಾನೂನು ಬಂದಿತ್ತು. ಕಾರ್ಮಿಕರ ಆರೋಗ್ಯ ವಿಮೆ ಬಗ್ಗೆ ಬಿ.ಪಿ. ಅಡಾರ್ಕರ್ ಅವರ ವರದಿ ಬಂದದ್ದು 1944ರಲ್ಲಿ. ಅದರಿಂದಲೇ ಮುಂದೆ 1948ರ ಇಎಸ್‌ಐ ಕಾಯ್ದೆ ಹುಟ್ಟಿತು. ತುಮಕೂರಿನ ಕೈಗಾರಿಕಾ ಪ್ರದೇಶಕ್ಕೆ ಬೆಳಗಿನ ಬಸ್ಸಿನಲ್ಲಿ ಹೋಗುವ ನನ್ನ ಓರಗೆಯವರ ಜೇಬಿನಲ್ಲಿರುವ ಇಎಸ್‌ಐ ಕಾರ್ಡಿನ ಹಿಂದೆ ಇಷ್ಟು ಹಳೆಯ ಕಥೆ ಇದೆ.

ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. ಆ ಪುಸ್ತಕವನ್ನು ಸುರಕ್ಷತೆಯ ಕಣ್ಣಿಂದ ಓದಿ ನೋಡಿ. 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕುತ್ತದೆ. 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. 24ನೇ ವಿಧಿ 14 ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆ, ಗಣಿ, ಅಪಾಯದ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. 42ನೇ ವಿಧಿ ನ್ಯಾಯವಾದ, ಮಾನವೀಯವಾದ ಕೆಲಸದ ಪರಿಸ್ಥಿತಿಗೆ ಏರ್ಪಾಡು ಮಾಡುವ ಹೊಣೆಯನ್ನು ಸರ್ಕಾರಕ್ಕೆ ಹೊರಿಸುತ್ತದೆ. ಮಸೂರ್ ನಿಲ್ದಾಣದಲ್ಲಿ ಗಾಡಿ ಹೊಡೆದ ಮಗು, ಚಾಳೀಸ್‌ಗಾಂವ್ ಸೇತುವೆಯಲ್ಲಿ ಬಿದ್ದ ಪ್ರಯಾಣಿಕ, ಗಿರಣಿಯ ಲಾಳಿ ಎಲ್ಲವೂ ನನಗೆ ಆ ವಿಧಿಗಳಲ್ಲಿ ಕಾಣುತ್ತವೆ. 1956ರ ಡಿಸೆಂಬರ್ 6ರಂದು ದೆಹಲಿಯಲ್ಲಿ ಅವರು ತೀರಿಕೊಂಡರು.

ನಮ್ಮ ನಾಡಿನ ಜೊತೆ ಅವರ ಒಡನಾಟ ಹಳೆಯದು. 1925ರಲ್ಲೇ ನಿಪ್ಪಾಣಿಗೆ ಬಂದು ಸಮ್ಮೇಳನ ನಡೆಸಿದ್ದರು. 1954ರಲ್ಲಿ ಕೋಲಾರದ ಚಿನ್ನದ ಗಣಿಗೆ ಬಂದರು. ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಗಣಿ ಅದು. ಬಂಡೆ ಸಿಡಿತ, ಸುಡುವ ಸೆಕೆ, ಶ್ವಾಸಕೋಶ ತಿನ್ನುವ ಸಿಲಿಕೋಸಿಸ್ ಅಲ್ಲಿನ ಕಾರ್ಮಿಕರ ನಿತ್ಯದ ಪಾಡು. ಆ ಆಳಕ್ಕೆ ಇಳಿದವರಲ್ಲಿ ಬಹಳಷ್ಟು ಮಂದಿ ಜಾತಿಯ ಕಾರಣಕ್ಕೆ ಹೊಲ, ಊರು ಬಿಟ್ಟು ಬಂದ ದಲಿತರು. ಭೂಮಿಯ ಒಳಗೆ ಎಷ್ಟು ಆಳಕ್ಕೆ ಹೋಗಬಹುದು ಎಂಬುದನ್ನು ತಂತ್ರಜ್ಞಾನ ತೀರ್ಮಾನಿಸಿತು, ಯಾರು ಹೋಗಬೇಕು ಎಂಬುದನ್ನು ಸಮಾಜ ತೀರ್ಮಾನಿಸಿತು.

ಅವರ ದಾರಿಯಲ್ಲಿ ನಡೆದ ಬಿ. ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದಾಗ ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಪೌರಕಾರ್ಮಿಕರ ಸ್ಥಿತಿಗತಿ ಬಗ್ಗೆ ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲಿ ವರದಿ ಕೊಟ್ಟಿತು. 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕು ಎಂಬ ಲೆಕ್ಕ ಅದರಿಂದಲೇ ಬಂದದ್ದು. ಕೈಯಿಂದ ಮಲ ಬಾಚಿಸುವುದರ ವಿರುದ್ಧ ಕೇಂದ್ರದ ಕಾಯ್ದೆ 1993ರಲ್ಲಿ ಬಂತು, ಇನ್ನೂ ಬಿಗಿಯಾದದ್ದು 2013ರಲ್ಲಿ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿಸುವ ಸ್ಥಿತಿ ಬಂತೆಂದರೆ ಸಾವು ನಿಂತಿಲ್ಲ ಎಂದೇ ಅರ್ಥ.

ಮ್ಯಾನ್‌ಹೋಲ್ ಒಳಗೆ ಏನಾಗುತ್ತದೆ ಎಂಬುದು ನಮಗೆ ಪಾಠದಲ್ಲಿ ಇದೆ. ಕೊಳೆತ ನೀರಿನಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಂಡವನು ಅಲ್ಲೇ ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಕುಸಿಯುತ್ತಾನೆ. ಅನಿಲ ಅಳೆಯುವ ಉಪಕರಣ ಇದೆ, ಜೆಟ್ಟಿಂಗ್ ಯಂತ್ರ ಇದೆ, ಸಕ್ಕಿಂಗ್ ಯಂತ್ರ ಇದೆ. ಆದರೂ ಮನುಷ್ಯ ಇಳಿಯುತ್ತಾನೆ. ಯಂತ್ರ ಕರೆಸುವುದಕ್ಕಿಂತ ಕೆಲವು ನೂರು ರೂಪಾಯಿಗೆ ಸಿಗುವ ಮನುಷ್ಯ ಅಗ್ಗ. ಆ ಮನುಷ್ಯ ಯಾವ ಕೇರಿಯಿಂದ ಬರುತ್ತಾನೆ ಎಂಬುದು ಎಲ್ಲರಿಗೂ ಗೊತ್ತು. ಮುಂಬಯಿ ಗಿರಣಿಯ ಲಾಳಿಯ ಲೆಕ್ಕಾಚಾರ ಇಲ್ಲಿಯೂ ಹಾಗೇ ನಡೆಯುತ್ತಿದೆ.

ಹಳ್ಳಿಯಲ್ಲೂ ಇದರ ಬೇರೆ ರೂಪ ಇದೆ. ನಮ್ಮ ಕಡೆ ತೆಂಗು, ಅಡಿಕೆ ತೋಟಗಳೇ ಹೆಚ್ಚು. ಮರ ಹತ್ತುವವರಿಗೆ ಇಷ್ಟು ಮರಕ್ಕೆ ಇಷ್ಟು ಎಂದು ಕೂಲಿ. ಹೊತ್ತು ಮುಳುಗುವುದರೊಳಗೆ ಎಷ್ಟು ಮರ ಮುಗಿದರೆ ಅಷ್ಟು ದುಡ್ಡು. ಅದಕ್ಕೆ ಅವಸರ. ಯಾರಾದರೂ ಬಿದ್ದರೆ ಕಾಲು ಜಾರಿತು ಎನ್ನುತ್ತಾರೆ, ಗ್ರಹಚಾರ ಎನ್ನುತ್ತಾರೆ. ಬಿದ್ದವರಿಗೆ ಇಎಸ್‌ಐ ಇಲ್ಲ, ಕಾರ್ಖಾನೆ ಕಾಯ್ದೆಯೂ ಇಲ್ಲ. ನೆಲದ ಮೇಲೆ ನಿಂತೇ ಅಡಿಕೆ ಗೊನೆ ಇಳಿಸುವ ಉದ್ದನೆಯ ಕಾರ್ಬನ್ ಫೈಬರ್ ದೋಟಿ ಈಗ ಬಂದಿದೆ. ಅದು ಯಾರ ಕೈಗೆ ಸಿಗುತ್ತದೆ, ಯಾರು ಅದರ ದುಡ್ಡು ಕೊಡುತ್ತಾರೆ ಎಂಬುದರ ಮೇಲೆ ಮುಂದಿನ ಬೀಳುವಿಕೆ ನಿಂತಿದೆ.

ಕಳೆದ ವರ್ಷ ಒಂದು ಕಟ್ಟಡದ ಕಾಮಗಾರಿ ನೋಡಲು ನಾವು ಕೆಲವರು ಹೋಗಿದ್ದೆವು. ಗೇಟಿನ ಬಳಿ ಹೊಳೆಯುವ ಸುರಕ್ಷತಾ ಫಲಕ, ಪೂರ್ತಿ ಇಂಗ್ಲಿಷಿನಲ್ಲಿ. ಸಾರುವೆ ಮೇಲೆ ನಿಂತಿದ್ದವರು ಉತ್ತರ ಭಾರತದಿಂದ, ರಾಯಚೂರು ಕಡೆಯಿಂದ ಬಂದವರು. ಅವರಲ್ಲಿ ಆ ಫಲಕ ಓದಬಲ್ಲವರು ಒಬ್ಬರೂ ಸಿಗಲಿಲ್ಲ. ಹೊಸ ಹೆಲ್ಮೆಟ್ಟುಗಳನ್ನು ನೋಡಲು ಬಂದ ನಮಗೆ ಕೊಟ್ಟರು. ಅಲ್ಲಿ ಯಂತ್ರಕ್ಕೂ ಕೊರತೆ ಇರಲಿಲ್ಲ, ನಿಯಮಕ್ಕೂ ಇರಲಿಲ್ಲ.

ಗೆಳೆಯರೇ, ಇನ್ನೆರಡು ವರ್ಷಕ್ಕೆ ನಮ್ಮಲ್ಲಿ ಎಷ್ಟೋ ಮಂದಿ ಸೈಟ್ ಎಂಜಿನಿಯರ್ ಆಗುತ್ತೇವೆ. ಅಪಘಾತದ ವರದಿಗೆ ಸಹಿ ಹಾಕುವವರು ನಾವೇ. ಆಗ ಕೆಲಸಗಾರನ ಅಜಾಗರೂಕತೆ ಎಂದು ಒಂದು ಸಾಲು ಬರೆದು ಮುಗಿಸುವುದು ತುಂಬಾ ಸುಲಭ. ಆ ಸಾಲಿನ ಕೆಳಗೆ ಇನ್ನು ನಾಲ್ಕು ಪ್ರಶ್ನೆ ಸೇರಿಸಬೇಕು ಎಂದು ನನಗನ್ನಿಸುತ್ತದೆ. ಈ ಕೆಲಸ ಬಲ್ಲವನು ಯಾಕೆ ಮಾಡಲಿಲ್ಲ? ಮಾಡಿದವನಿಗೆ ಬೇಡ ಎನ್ನುವ ಅವಕಾಶ ಇತ್ತೇ? ಅವನು ಎಷ್ಟು ಗಂಟೆಯಿಂದ ದುಡಿಯುತ್ತಿದ್ದ? ಯಂತ್ರ ಇದ್ದೂ ತರಲಿಲ್ಲವೆಂದರೆ ಯಾರಿಗೆ ಎಷ್ಟು ಉಳಿಯಿತು?

ಪ್ರತಿ ಏಪ್ರಿಲ್ 14ಕ್ಕೆ ಕಾಲೇಜುಗಳಲ್ಲಿ ಹಾರ ಹಾಕಿ, ಭಾಷಣ ಮಾಡಿ, ಸಿಹಿ ಹಂಚುತ್ತೇವೆ. ಅದು ಇರಲಿ. ಜೊತೆಗೆ ಒಂದು ತರಗತಿಯಲ್ಲಿ ಚಾಳೀಸ್‌ಗಾಂವ್ ಸೇತುವೆಯ ನಕ್ಷೆಯನ್ನು ಬೋರ್ಡಿನ ಮೇಲೆ ಬರೆದು ಆ ಅಪಘಾತದ ವರದಿ ತಯಾರಿಸಲು ನಮಗೆ ಹೇಳಲಿ. ಸೇತುವೆಗೆ ತಡೆಗೋಡೆ ಹಾಕಬೇಕು ಎಂದು ನಾವೆಲ್ಲ ಬರೆಯುತ್ತೇವೆ. ನಿಲ್ದಾಣದಲ್ಲಿ ಸುಮ್ಮನೆ ನಿಂತ ಟಾಂಗಾದವನ ಬಗ್ಗೆ ಎಷ್ಟು ಜನ ಬರೆಯುತ್ತೇವೆ ಎಂದು ನೋಡೋಣ.